ಹಳೇ ಕಂಪ್ಯೂಟರಿಗೆ ಯಾವ ಲೂಮ್?

ತುಮಕೂರಿನ ಗುಜರಿ ಅಂಗಡಿಯಿಂದ ಹಳೇ 386 ಕಂಪ್ಯೂಟರ್ ತಂದು ರಿಪೇರಿ ಮಾಡಿಸಿದ್ದೀರಿ. ಈಗ ಲ್ಯೂಕಾಸ್‌ಫಿಲ್ಮ್ ಗೇಮ್ಸ್ ಕಂಪನಿಯ ಸಾಹಸ ಆಟ ಲೂಮ್ ಆಡಬೇಕು, ಅಲ್ವಾ? ಆದರೆ ಯಾವ ಆವೃತ್ತಿ?

1990ರ ಫ್ಲಾಪಿ ಆವೃತ್ತಿಯಲ್ಲಿ ಇರುವುದು ಬರೀ 16 ಬಣ್ಣ. ಆದರೂ ಅದರ ಆಕಾಶ ನೋಡಿ. ಚಿತ್ರಕಾರ ಮಾರ್ಕ್ ಫೆರಾರಿ ಎರಡು ಬಣ್ಣದ ಚುಕ್ಕಿಗಳನ್ನು ಚದುರಂಗದ ಮನೆಗಳ ಹಾಗೆ ಒಂದರ ಪಕ್ಕ ಒಂದು ಇಟ್ಟಿದ್ದಾರೆ. ಸ್ವಲ್ಪ ದೂರ ಕೂತರೆ ಕಣ್ಣೇ ಎರಡನ್ನೂ ಬೆರೆಸಿ, ಆ ಹದಿನಾರರಲ್ಲಿ ಇಲ್ಲದ ಬಣ್ಣ ಕಾಣಿಸುತ್ತದೆ. ಹಳೇ ಡಬ್ಬಾ ಮಾನಿಟರ್‌ನಲ್ಲಿ ಇನ್ನೂ ಚೆಂದ. ಎಲ್‌ಸಿಡಿಯಲ್ಲಿ ಚುಕ್ಕಿಗಳೇ ಜಾಸ್ತಿ ಎದ್ದು ಕಾಣುತ್ತವೆ.

1992ರ ಸಿಡಿ ಆವೃತ್ತಿಗೆ 256 ಬಣ್ಣ, ಜೊತೆಗೆ ನಟರ ದನಿ. ಆದರೆ ದನಿಯನ್ನು ಹಾಡಿನ ಸಿಡಿಯಂತೆ ಆಡಿಯೋ ಟ್ರ್ಯಾಕ್‌ನಲ್ಲಿ ಇಟ್ಟರು. ಜಾಗ ಸಾಲದೆ ಮಾತುಗಳಿಗೆ ಕತ್ತರಿ ಬಿತ್ತು. 256 ಬಣ್ಣ ತೋರಿಸುವ ವಿಜಿಎ ಕಾರ್ಡ್, ಸಿಡಿ ಡ್ರೈವ್ ಬೇರೆ ಬೇಕು.

ನನ್ನ ವೋಟು ಫ್ಲಾಪಿಗೇ. ಇಂಗ್ಲಿಷ್ ಓದಲು ತಡವರಿಸುವ ಮಕ್ಕಳು ಜೊತೆಗೆ ಕೂರುವುದಾದರೆ ಮಾತ್ರ ಸಿಡಿ. ಫ್ಲಾಪಿ ಬದಲಿಸುವ ಕಾಟ ಅಂತ ಗೊಣಗಬೇಡಿ, ಹಾರ್ಡ್ ಡಿಸ್ಕ್‌ಗೆ ಹಾಕಿಕೊಂಡರೆ ಮುಗಿಯಿತು. ಅದೇ ಕಂಪನಿಯ ಮಂಕಿ ಐಲ್ಯಾಂಡ್ 2 ಆಟ ಅಮಿಗಾ ಕಂಪ್ಯೂಟರಿಗೆ 11 ಫ್ಲಾಪಿಗಳಲ್ಲಿ ಬಂದಿತ್ತು!