ಬೆಂಗಳೂರು–ಮಂಗಳೂರು: ವಿಮಾನದ ಒಂದು ಗಂಟೆ ನಿಜಕ್ಕೂ ಎಷ್ಟು ಗಂಟೆ?

ಮ್ಯಾಪಿನಲ್ಲಿ ನೇರ ಗೆರೆ ಎಳೆದರೆ ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 300 ಕಿ.ಮೀ., ರಸ್ತೆಯಲ್ಲಿ ಸುಮಾರು 350. ವಿಮಾನದ ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ. ನಾನು ಬೇಸ್ತು ಬಿದ್ದದ್ದು ಅದನ್ನು ನೋಡಿಯೇ. ಬನಶಂಕರಿಯ ನನ್ನ ಮನೆಯಿಂದ ಕದ್ರಿಯ ಅಮ್ಮನ ಮನೆಗೆ ವಿಮಾನ, ಬಸ್ಸು, ರೈಲು ಮೂರರಲ್ಲೂ ಹೋಗಿದ್ದೇನೆ. ಇಲ್ಲಿ ಬೀಗ ಹಾಕಿದಲ್ಲಿಂದ ಅಲ್ಲಿ ಅಮ್ಮ ಬಾಗಿಲು ತೆಗೆಯುವವರೆಗೆ ಲೆಕ್ಕ ಇಟ್ಟಿದ್ದೇನೆ.

ವಿಮಾನ ಮಧ್ಯಾಹ್ನ 1ಕ್ಕೆ, ಮನೆ ಬಿಟ್ಟದ್ದು 9.45ಕ್ಕೆ. ದೇವನಹಳ್ಳಿ ನಮಗೆ ಊರಿನ ಇನ್ನೊಂದು ತುದಿ, ಹೆಬ್ಬಾಳ ಫ್ಲೈಓವರ್ ದಾಟುವ ತನಕ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಆಮೇಲೆ ಬ್ಯಾಗು, ಸೆಕ್ಯೂರಿಟಿ, ಕಾಯುವುದು. ಬಾಗಿಲು ಹಾಕಿದ ಮೇಲೂ ರನ್‌ವೇವರೆಗೆ ತೆವಳಿ ಸರದಿಗೆ ನಿಲ್ಲಬೇಕು, ಟಿಕೆಟ್‌ನ ಒಂದು ಗಂಟೆಯಲ್ಲಿ ಅದೂ ಸೇರಿದೆ. ಗಾಳಿಯಲ್ಲಿ ಇದ್ದದ್ದು 40 ನಿಮಿಷ ಅಷ್ಟೇ. ಇನ್ನೊಮ್ಮೆ ರೆಕ್ಕೆಯಲ್ಲಿ ಫ್ಯಾನು ತಿರುಗುವ ಸಣ್ಣ ಎಟಿಆರ್‌ನಲ್ಲಿ ಹೋದೆ. ಜೆಟ್ ಗಂಟೆಗೆ 800 ಕಿ.ಮೀ. ಓಡಿದರೆ ಇದು 500ರ ಆಸುಪಾಸು, ಆದರೆ ಇಷ್ಟು ಹತ್ತಿರದ ಊರಿಗೆ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ, ಜೆಟ್ ಮೇಲೇರಿ ವೇಗ ಹಿಡಿಯುವಷ್ಟರಲ್ಲಿ ಇಳಿಯಲು ಶುರು ಮಾಡಿರುತ್ತದೆ. ಬಜ್ಪೆಯಿಂದ ಟ್ಯಾಕ್ಸಿಯಲ್ಲಿ ಕದ್ರಿ ಮುಟ್ಟಿದಾಗ 3 ಗಂಟೆ. ಒಟ್ಟು ಐದೂಕಾಲು ಗಂಟೆ, ಒಂದು ಇಡೀ ಹಗಲು ಹೋಯಿತು ಅಂತಲೇ ಲೆಕ್ಕ.

ಬಸ್ಸಿಗೆ ರಾತ್ರಿ 9.30ಕ್ಕೆ ಮನೆ ಬಿಟ್ಟೆ, ಬೆಳಿಗ್ಗೆ 6.30ಕ್ಕೆ ಅಮ್ಮನ ಕೈಯ ಕಾಫಿ. ಒಂಬತ್ತು ಗಂಟೆ ಹೌದು, ಆದರೆ ಆರು ಗಂಟೆ ನಿದ್ದೆ. ಬಿಜೈ ಬಸ್‌ಸ್ಟ್ಯಾಂಡಿನಿಂದ ಕದ್ರಿ ಎಷ್ಟು ದೂರ ಹೇಳಿ, ಆಟೋದವನು ಮೀಟರ್ ಹಾಕುವಷ್ಟರಲ್ಲಿ ಮನೆ! ಶಿರಾಡಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಮಾತ್ರ ಹಿಂದಿನ ಸೀಟು ತಗೊಳ್ಳಬೇಡಿ. ಮಳೆಗಾಲದಲ್ಲಿ ಅಲ್ಲಿ ಗುಡ್ಡ ಜರಿದರೆ, 2024ರ ಜುಲೈಯಲ್ಲಿ ಆದ ಹಾಗೆ, ಬಸ್ಸಿನ ಲೆಕ್ಕವೂ ಕೆಡುತ್ತದೆ.

ರೈಲು? ಹೊತ್ತು ನೋಡುವವರಿಗಲ್ಲ. ಯಶವಂತಪುರದಿಂದ ಹಗಲು ರೈಲಿನಲ್ಲಿ ಹೋದೆ, ಮನೆಯಿಂದ ಮನೆಗೆ ಹನ್ನೆರಡು ಗಂಟೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿ.ಮೀ., ಅಷ್ಟಕ್ಕೇ ಎರಡು ಗಂಟೆಗೂ ಜಾಸ್ತಿ. ಇಳಿಜಾರು ಅಷ್ಟಿದೆ: 50 ಮೀಟರ್ ಹೋಗುವಷ್ಟರಲ್ಲಿ 1 ಮೀಟರ್ ಕೆಳಗೆ. ರೈಲಿಗೆ ಇದು ಭಯಂಕರ, ಹತ್ತುವ ಗಾಡಿಗೆ ಹೆಚ್ಚುವರಿ ಇಂಜಿನ್ ಕಟ್ಟುತ್ತಾರೆ. 57 ಸುರಂಗ. ಎಡಕುಮೇರಿಯಲ್ಲಿ ಗಾಡಿ ಸುಮ್ನೆ ನಿಂತಾಗ ನೀರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಎದುರು ಸೀಟಿನ ಅಜ್ಜ ಸುರಂಗ ಎಣಿಸುತ್ತಿದ್ದರು, 31ಕ್ಕೆ ನಿದ್ದೆ ಹೋದರು. ಮಕ್ಕಳನ್ನು ಒಂದು ಸಲವಾದರೂ ಇದರಲ್ಲಿ ಕರೆದುಕೊಂಡು ಹೋಗಿ.

ಯಲಹಂಕ, ಹೆಬ್ಬಾಳದ ಕಡೆ ಇರುವವರು ಕೈಚೀಲ ಒಂದೇ ಹಿಡಿದು ಹೊರಟರೆ ವಿಮಾನವೇ ಸರಿ, ಮೂರೂವರೆ ಗಂಟೆಯಲ್ಲಿ ಮುಗಿಯಬಹುದು. ಜೂನ್, ಜುಲೈ ಬಿಟ್ಟು. ಬಜ್ಪೆ ರನ್‌ವೇ ಗುಡ್ಡದ ತಲೆಯ ಮೇಲಿದೆ, ಮಳೆ ಮೋಡ ಕವಿದರೆ ಇಳಿಸುವುದಿಲ್ಲ. ನನ್ನ ವಿಮಾನ ಒಂದು ಸಲ ಅರ್ಧ ಗಂಟೆ ಮೇಲೆಯೇ ಸುತ್ತು ಹಾಕಿ, ವಾಪಸ್ ದೇವನಹಳ್ಳಿಗೇ ಬಂದು ಇಳಿಯಿತು. ಆ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದೆ.