ಅಡಿಕೆ ಅಂಗಡಿಯ ನೆಟ್‌ವರ್ಕ್: ಬದಿಯಡ್ಕದ ಸಿಡಿಲು, ಮಳೆಗೆ ತಡೆದದ್ದೆಷ್ಟು?

ಬದಿಯಡ್ಕದ ನಮ್ಮ ಅಡಿಕೆ ಅಂಗಡಿ ಮತ್ತು ಅದರ ಹಿಂದಿನ ಗೋದಾಮಿಗೆ 2022ರ ಬೇಸಿಗೆಯಲ್ಲಿ ಪೂರ್ತಿ ಹೊಸ ನೆಟ್‌ವರ್ಕ್ ಮಾಡಿಸಿದೆವು. ಹಾಕಿದ್ದು ಕಾಸರಗೋಡಿನ ಒಂದು ಸಣ್ಣ ತಂಡ. ಹಾಕಿದ ಮೊದಲ ತಿಂಗಳು ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ಪತ್ತನಾಜೆಗೆ (ಮೇ ಕೊನೆ) ಮುಂಚಿನ ಸಿಡಿಲು, ಆಟಿಯ (ಜುಲೈ-ಆಗಸ್ಟ್) ಮಳೆ, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗು ಇಷ್ಟನ್ನೂ ಹಲವು ಸಲ ದಾಟಿದ ಮೇಲೆ ಬರೆದರೆ ನಮ್ಮ ಕಡೆಯ ವ್ಯಾಪಾರಸ್ಥರಿಗೆ ಉಪಯೋಗವಾದೀತು ಎಂದು ಈಗ ಬರೆಯುತ್ತಿದ್ದೇನೆ.

ನಮಗೆ ನೆಟ್‌ವರ್ಕ್ ಯಾಕೆ ಅಷ್ಟು ಮುಖ್ಯ ಎಂದರೆ, ಇಲ್ಲಿಂದ ಪೆರ್ಲ, ಅಡ್ಕಸ್ಥಳ ದಾಟಿ ವಿಟ್ಲದ ಕಡೆಗೆ ಹೋಗುವ ಲೋಡು ಕೇರಳದ ಗಡಿ ದಾಟಿ ಕರ್ನಾಟಕಕ್ಕೆ ಹೋಗುತ್ತದೆ. 50,000 ರೂಪಾಯಿ ಮೀರಿದ ಸರಕಿಗೆ ಇ-ವೇ ಬಿಲ್, ಅಂದರೆ ಆನ್‌ಲೈನಿನಲ್ಲಿ ಮಾಡುವ ಸಾಗಣೆ ಚೀಟಿ, ಬೇಕೇ ಬೇಕು. ತೂಕ ಆಗುವುದು ಗೋದಾಮಿನಲ್ಲಿ, ಬಿಲ್ ಆಗುವುದು ಅಂಗಡಿಯಲ್ಲಿ. ನಡುವಿನ ಸಂಪರ್ಕ ಕಡಿದರೆ ಲಾರಿ ಅಂಗಳದಲ್ಲೇ ನಿಲ್ಲುತ್ತದೆ.

ಹಳೆಯ ವ್ಯವಸ್ಥೆಯಲ್ಲಿ ಎರಡು ಕಟ್ಟಡಗಳ ನಡುವೆ ಮಾಮೂಲಿ ನೆಟ್‌ವರ್ಕ್ ಕೇಬಲನ್ನು ತೆಂಗಿನ ಮರಕ್ಕೆ ಕಟ್ಟಿ ಎಳೆದಿದ್ದರು. ಸಿಡಿಲಿನ ಕಾಲ ಬಂತೆಂದರೆ ಕೇಬಲ್‌ಗಳನ್ನೆಲ್ಲ ಕೂಡಿಸುವ ನೆಟ್‌ವರ್ಕ್ ಸ್ವಿಚ್ ಹೋಯಿತು, ಕಂಪ್ಯೂಟರಿನ ಪೋರ್ಟ್ ಹೋಯಿತು ಎಂಬುದು ಖಾಯಂ. ಹೊಸ ತಂಡದವರು ಬಂದು ಅಂಗಳ ನೋಡಿದವರೇ, "ಅಣ್ಣಾ, ಇಲ್ಲಿ ತಾಮ್ರ ಬೇಡವೇ ಬೇಡ, ಫೈಬರ್ ಹಾಕುವ" ಎಂದರು. ದೂರದ ಪ್ರಶ್ನೆ ಅಲ್ಲ. ತಾಮ್ರದ ಕೇಬಲ್ 100 ಮೀಟರಿನವರೆಗೆ ಸಲೀಸಾಗಿ ನಡೆಯುತ್ತದೆ, ನಮ್ಮದು ಅದರೊಳಗೇ ಇದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಅದೇ ಕಾರಣ. ಅದರಲ್ಲೂ ಅವರು ತಂದದ್ದು ಒಳಗೆ ಉಕ್ಕಿನ ತಂತಿ ಇಲ್ಲದ, ಫೈಬರ್ ಗ್ಲಾಸಿನ ಕಡ್ಡಿ ಇರುವ ಕೇಬಲ್. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಫೈಬರ್ ಕೇಬಲಿನಲ್ಲಿ ಆಧಾರಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅದು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋದರೆ ಫೈಬರ್ ಹಾಕಿಯೂ ಸಿಡಿಲಿಗೆ ದಾರಿ ಬಿಟ್ಟ ಹಾಗಾಗುತ್ತದೆ.

ಅದರ ಪರೀಕ್ಷೆ ಮುಂದೊಂದು ತುಲಾ ತಿಂಗಳಲ್ಲಿ ಆಯಿತು. ಗೋದಾಮಿನ ಬದಿಯ ಮರಕ್ಕೆ ಸಿಡಿಲು ಬಡಿದು ಹೊರಗೋಡೆಯ ಕ್ಯಾಮೆರಾ, ಅದಕ್ಕೆ ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟ್ ಕೊಡುವ ಪಿಒಇ ಸ್ವಿಚ್ ಎರಡೂ ಸುಟ್ಟವು. ಅಂಗಡಿಯ ಬದಿಯಲ್ಲಿ ಒಂದು ದೀಪವೂ ಆರಲಿಲ್ಲ, ಬಿಲ್ಲಿಂಗ್ ನಡೆಯುತ್ತಲೇ ಇತ್ತು. ಹಳೆಯ ತಾಮ್ರವೇ ಇದ್ದಿದ್ದರೆ ಸರ್ವರ್ ಕೂಡ ಉಳಿಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಸುಟ್ಟ ಸ್ವಿಚ್ಚಿಗೆ ವಾರಂಟಿ ಸಿಗಲಿಲ್ಲ. ಸಿಡಿಲಿನ ಹಾನಿ ಅದರಲ್ಲಿ ಬರುವುದಿಲ್ಲ ಎಂದರು. ಹಾಗಾಗಿ ಹೊರಗಿನ ಕ್ಯಾಮೆರಾಗಳಿಗೆ ಪ್ರತ್ಯೇಕ ಸಣ್ಣ ಸ್ವಿಚ್ ಇಡುವುದೇ ಜಾಣತನ, ಹೋದರೆ ಅದೊಂದೇ ಹೋಗುತ್ತದೆ. ವಿದ್ಯುತ್ ಲೈನಿನಿಂದ ಬರುವ ಹೊಡೆತಕ್ಕೆ ಫೈಬರ್ ಏನೂ ಮಾಡಲಾರದು. ಅದಕ್ಕೆ ಮೈನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ಥಿಂಗ್ ಬೇಕು.

ಕಟ್ಟಡದ ಒಳಗಿನದ್ದೆಲ್ಲ ಕ್ಯಾಟ್-6 ದರ್ಜೆಯ ತಾಮ್ರದ ನೆಟ್‌ವರ್ಕ್ ಕೇಬಲ್. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಅಪ್ಪಟ ತಾಮ್ರದ್ದನ್ನೇ ಕೇಳಿ. ಅಲ್ಯುಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಕೂಡ ಅದೇ ಬಣ್ಣದ ಪೆಟ್ಟಿಗೆಯಲ್ಲಿ ಬರುತ್ತದೆ. ನಮ್ಮವರು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ತೋರಿಸಿದರು. ಒಳಗೂ ಕೆಂಪೇ ಇತ್ತು. ಲೇಪದ್ದಾದರೆ ಬೆಳ್ಳಗೆ ಕಾಣುತ್ತದೆ. ಅಂಥದ್ದರಲ್ಲಿ ರೋಧ ಜಾಸ್ತಿ, ಕ್ಯಾಮೆರಾಗೆ ಕರೆಂಟ್ ಸಾಲುವುದಿಲ್ಲ, ಮಡಚಿದಲ್ಲಿ ಬೇಗ ಮುರಿಯುತ್ತದೆ.

ಮಳೆಗಾಲದ ತೊಂದರೆ ಬೇರೆಯದೇ. ಒಮ್ಮೆ ಗೋದಾಮಿನ ಕಂಪ್ಯೂಟರ್ ನಿಧಾನವಾಯಿತು. ನೋಡಿದರೆ ಗಿಗಾಬಿಟ್ (1000 ಎಂಬಿಪಿಎಸ್ ವೇಗದ) ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿತ್ತು. ಗಿಗಾಬಿಟ್ಟಿಗೆ ನಾಲ್ಕು ಜೋಡಿ ಎಳೆಗಳೂ ಬೇಕು, ನೂರಕ್ಕೆ ಎರಡು ಜೋಡಿ ಸಾಕು. ಎಳೆಗೊಂದರಂತೆ ದೀಪ ಇರುವ ಟೆಸ್ಟರ್ ಹಾಕಿದಾಗ ಏಳನೇ ದೀಪ ಹತ್ತಲಿಲ್ಲ. ಪ್ಲಗ್ ಬಿಚ್ಚಿದರೆ ಪಿನ್ನಿನ ಮೇಲೆ ಹಸಿರು ಕಿಲುಬು. ಕತ್ತರಿಸಿ ಹೊಸ ಪ್ಲಗ್ ಹಾಕಿದ ಕೂಡಲೇ ಸರಿಹೋಯಿತು. ಪ್ರತಿ ಕೇಬಲಿನ ಎರಡೂ ತುದಿಗೆ ಅವರು ನಂಬರ್ ಅಂಟಿಸಿದ್ದರಿಂದ ಹುಡುಕಾಟವೇ ಬೇಕಾಗಲಿಲ್ಲ. ಆ ಸಣ್ಣ ಚೀಟಿಗಳಿಗೆ ನಾನು ಈಗಲೂ ಋಣಿ.

ವೈ-ಫೈ ವಿಷಯದಲ್ಲಿ ನನ್ನ ತೃಪ್ತಿ ಅರ್ಧ. ಕೆಂಪುಕಲ್ಲಿನ ದಪ್ಪ ಗೋಡೆಯಲ್ಲಿ 5 ಗಿಗಾಹರ್ಟ್ಸ್ ತರಂಗದ ವೈ-ಫೈ ಒಂದು ಕೋಣೆ ದಾಟುವಷ್ಟರಲ್ಲೇ ಸೊರಗುತ್ತದೆ. 2.4 ಗಿಗಾಹರ್ಟ್ಸ್‌ನದ್ದು ಮುಂದೆ ಹೋಗುತ್ತದೆ, ಆದರೆ ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು 1, 6, 11 ಮೂರೇ. ಕೋಣೆಗೊಂದರಂತೆ ಛಾವಣಿಗೆ ಆಕ್ಸೆಸ್ ಪಾಯಿಂಟ್ (ವೈ-ಫೈ ಹರಡುವ ಡಬ್ಬ) ಕೂರಿಸಿದ ಮೇಲೆ ಅಂಗಡಿ ಸರಿಯಾಯಿತು. ಗೋದಾಮಿನಲ್ಲಿ ಮಾತ್ರ ಮೂಟೆ ಅಟ್ಟಿ ಹಾಕಿದ ಹಾಗೆಲ್ಲ ಸಿಗ್ನಲ್ ಕುಗ್ಗುತ್ತದೆ. ಅದಕ್ಕೇ ತೂಕದ ಕಂಪ್ಯೂಟರಿಗೆ ವೈರೇ ಇರಲಿ ಎಂದು ಹಟ ಹಿಡಿದೆ. ಗಿರಾಕಿಗಳ ವೈ-ಫೈ, ಕ್ಯಾಮೆರಾ, ಬಿಲ್ಲಿಂಗ್ ಮೂರನ್ನೂ ಬೇರೆ ಬೇರೆ ನೆಟ್‌ವರ್ಕ್ ಮಾಡಿಕೊಟ್ಟಿದ್ದಾರೆ, ಅದರಲ್ಲಿ ದೂರಿಲ್ಲ.

ದೂರಿರುವುದು ಒಂದೇ, ಅದು ದೊಡ್ಡದೇ. ಆಕ್ಸೆಸ್ ಪಾಯಿಂಟ್‌ಗಳನ್ನು ನಿಯಂತ್ರಿಸುವ ಖಾತೆಯನ್ನು ತಂಡದವರು ತಮ್ಮ ಇಮೇಲಿನಲ್ಲೇ ತೆರೆದಿದ್ದರು. ಪಾಸ್‌ವರ್ಡ್ ಬದಲಿಸಲೂ ಅವರಿಗೇ ಫೋನ್ ಮಾಡಬೇಕು, ಅವರು ಬೇರೆ ಸೈಟಿನಲ್ಲಿದ್ದರೆ ಕಾಯಬೇಕು. ತಿಂಗಳುಗಟ್ಟಲೆ ಬೆನ್ನುಹತ್ತಿದ ಮೇಲೆ ಖಾತೆ ನಮ್ಮ ಹೆಸರಿಗಾಯಿತು. ಕೆಲಸ ಒಪ್ಪಿಸಿಕೊಳ್ಳುವ ದಿನವೇ ಖಾತೆ, ಪಾಸ್‌ವರ್ಡ್, ಕೇಬಲ್ ಹೋದ ದಾರಿಯ ನಕ್ಷೆ ಕೈಗೆ ಬಂದ ನಂತರವೇ ಕೊನೆಯ ಕಂತು ಕೊಡಿ.

ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಕೇಬಲಿಗೆ, ಪೈಪಿಗೆ, ಕೂಲಿಗೆ. ಅದರಲ್ಲಿ ಒಂದು ರೂಪಾಯಿಯೂ ದಂಡವಾಗಲಿಲ್ಲ. ಸ್ವಿಚ್, ಆಕ್ಸೆಸ್ ಪಾಯಿಂಟ್‌ನಂಥ ಡಬ್ಬಗಳನ್ನು ಯಾವಾಗ ಬೇಕಾದರೂ ಬದಲಿಸಬಹುದು, ಗೋಡೆಯೊಳಗಿನ ವೈರನ್ನು ಬದಲಿಸಲಾಗದು. ಫೈಬರಿನಲ್ಲಿ ಇನ್ನೂ ಎರಡು ಎಳೆ ಖಾಲಿ ಇವೆ. ಅಡಿಕೆ ಒಣಗಿಸುವ ಅಂಗಳದ ಕ್ಯಾಮೆರಾಗಳನ್ನು ಬರುವ ಬೇಸಿಗೆಯಲ್ಲಿ ಅದಕ್ಕೇ ಸೇರಿಸಲು ಇದೇ ತಂಡಕ್ಕೆ ಹೇಳಿದ್ದೇನೆ.