ಹೊಟ್ಟೆಗೆ ಬೆಲ್ಟೋ, ಸಿಸ್ಟರ ಕೈಯ ಡಾಪ್ಲರೋ: ಎರಡು ಹೆರಿಗೆಯಲ್ಲಿ ನಾನು ಕಂಡದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಒಲವು ಡಾಪ್ಲರಿನ ಕಡೆಗೆ, ಅಂದರೆ ಹೊಟ್ಟೆಗೆ ತಾಗಿಸಿ ಮಗುವಿನ ಎದೆಬಡಿತ ಕೇಳುವ ಸಣ್ಣ ಕೈಯಂತ್ರದ ಕಡೆಗೆ. ಮಗಳು ಹುಟ್ಟಿದ್ದು 2018ರಲ್ಲಿ, ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಬೇನೆಯ ಅಷ್ಟೂ ಹೊತ್ತು ಹೊಟ್ಟೆಗೆ ಸಿಟಿಜಿ ಬೆಲ್ಟು, ಅಂದರೆ ಮಗುವಿನ ಎದೆಬಡಿತವನ್ನೂ ಬೇನೆಯನ್ನೂ ಕಾಗದದ ಮೇಲೆ ಗೆರೆಯಾಗಿ ತೋರಿಸುವ ಯಂತ್ರದ ಬೆಲ್ಟು ಕಟ್ಟಿದ್ದರು. ಮಗ ಹುಟ್ಟಿದ್ದು 2022ರಲ್ಲಿ, ಕಾಸರಗೋಡಿನಲ್ಲಿ. ಅಲ್ಲಿ ಸಿಸ್ಟರು ಆಗಾಗ ಬಂದು ಡಾಪ್ಲರ್ ಇಟ್ಟು ಮಗುವಿನ ಎದೆಬಡಿತ ಕೇಳುತ್ತಿದ್ದರು. ಎರಡೂ ಸಹಜ ಹೆರಿಗೆ, ಎರಡು ಸಲವೂ ಬಿಪಿ, ಶುಗರ್ ಯಾವುದೂ ಇರಲಿಲ್ಲ. ಎರಡನೆಯ ಸಲ ಮಂಗಳೂರು ಬಿಟ್ಟದ್ದು ಯಂತ್ರದ ಕಾರಣಕ್ಕಲ್ಲ. 2020ರಲ್ಲಿ ಕೋವಿಡ್ ಹೊತ್ತಿಗೆ ತಲಪಾಡಿಯಲ್ಲಿ ಕರ್ನಾಟಕ-ಕೇರಳ ಗಡಿ ಮುಚ್ಚಿ ರೋಗಿಗಳನ್ನು ತಡೆದದ್ದನ್ನು ಕಂಡ ಮೇಲೆ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯವರಲ್ಲಿ ಹೆರಿಗೆಗೆಂದು ಗಡಿ ದಾಟುವ ಧೈರ್ಯ ಯಾರಿಗೂ ಉಳಿದಿರಲಿಲ್ಲ.

ಬೆಲ್ಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸಿಟಿಜಿಗೆ ಎರಡು ಬೆಲ್ಟು. ಮೇಲಿನದು ಗರ್ಭಕೋಶ ಬಿಗಿಯುವುದನ್ನು ಅಳೆಯುತ್ತದೆ, ಕೆಳಗಿನದು ಮಗುವಿನ ಎದೆಬಡಿತವನ್ನು. ಕೆಳಗಿನದರ ಬಿಲ್ಲೆಗೆ ತಣ್ಣನೆಯ ಜೆಲ್ ಹಚ್ಚಿ, ಮಗುವಿನ ಬೆನ್ನು ಇರುವ ಕಡೆಗೆ ಸರಿಯಾಗಿ ಒತ್ತಿ ಕಟ್ಟುತ್ತಾರೆ. ಒಂದೆರಡು ಅಂಗುಲ ಜಾರಿದರೂ ಸದ್ದು ಹೋಗುತ್ತದೆ. ಬೇನೆ ಬಂದಾಗ ಅಲುಗಾಡದೆ ಇರಲು ಯಾರಿಗೆ ಸಾಧ್ಯ? ನಾನು ಎಡಕ್ಕೆ ಹೊರಳಿದರೆ ಕಾಗದದ ಮೇಲಿನ ಗೆರೆ ತುಂಡಾಗುತ್ತಿತ್ತು, ಯಂತ್ರ ಕೂಗುತ್ತಿತ್ತು. ಸಿಸ್ಟರ್ ಓಡಿಬಂದು ಬೆಲ್ಟು ಸರಿ ಮಾಡಿ, "ಹಂದಬೇಡಿ ಅಕ್ಕ, ಸೀದಾ ಮಲಗಿ" ಎಂದು ಹೇಳಿ ಹೋಗುತ್ತಿದ್ದರು. ಹತ್ತು ನಿಮಿಷದಲ್ಲಿ ಮತ್ತೆ ಅದೇ.

ಸೀದಾ ಅಂಗಾತ ಮಲಗಿದರೆ ಯಂತ್ರಕ್ಕೆ ಸುಲಭ, ತಾಯಿಗಲ್ಲ. ತುಂಬಿದ ಗರ್ಭಕೋಶ ಬೆನ್ನಿನ ಕಡೆಯ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ತಾಯಿಯ ಬಿಪಿ ಇಳಿಯಬಹುದು, ಮಗುವಿಗೆ ಹೋಗುವ ರಕ್ತ ಕಡಿಮೆಯಾಗಬಹುದು. ಇದು ನನಗೆ ಗೊತ್ತಾದದ್ದು ಎರಡನೆಯ ಬಸುರಿನಲ್ಲಿ. ಆ ರಾತ್ರಿ ಗೊತ್ತಿದ್ದರೆ ಎಡಮಗ್ಗುಲಲ್ಲೇ ಇರುತ್ತೇನೆಂದು ಹಟ ಹಿಡಿಯುತ್ತಿದ್ದೆ. ಮೂತ್ರಕ್ಕೆ ಹೋಗಬೇಕಾದರೂ ವಯರು ಬಿಚ್ಚಲು ಯಾರಾದರೂ ಬರಬೇಕಿತ್ತು. ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದೆ.

ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಪರದೆಯಲ್ಲಿ 140ರ ಆಸುಪಾಸಿನಲ್ಲಿದ್ದ ಅಂಕಿ ಒಮ್ಮೆಲೇ 92ಕ್ಕೆ ಇಳಿಯಿತು, ಅಲ್ಲೇ ನಿಂತಿತು. ಹೆರಿಗೆಯ ಹೊತ್ತಿನಲ್ಲಿ ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160 ಇರಬೇಕು. ಡ್ಯೂಟಿ ಡಾಕ್ಟರು ಬಂದರು, ಆಕ್ಸಿಜನ್ ಹಾಕಿದರು, ಥಿಯೇಟರಿಗೆ ಫೋನ್ ಹೋಯಿತು, ಸಹಿಗೆಂದು ಹೊರಗಿದ್ದ ಮನೆಯವರ ಕೈಗೆ ಕಾಗದ ಕೊಟ್ಟರು. ನನಗೆ ಯಾರೂ ಏನೂ ಹೇಳಲಿಲ್ಲ. ಆಗ ವಯಸ್ಸಾದ ಒಬ್ಬರು ಸಿಸ್ಟರ್ ಬಂದು ನನ್ನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತಾ ನಾಡಿ ಎಣಿಸಿದರು. ತೊಂಬತ್ತೆರಡು. ಜಾರಿದ ಬಿಲ್ಲೆ ಮಗುವನ್ನು ಬಿಟ್ಟು ನನ್ನ ರಕ್ತನಾಳದ ಬಡಿತವನ್ನು ತೋರಿಸುತ್ತಿತ್ತು. ಅವರು ಬಿಲ್ಲೆಯನ್ನು ಕೆಳಗೆ ಸರಿಸಿ ಒತ್ತಿ ಹಿಡಿದರು, 146. ಮೂರು ಗಂಟೆ ಕಳೆದು ಮಗಳು ಹುಟ್ಟಿದಳು, ಹುಟ್ಟಿದ ಕೂಡಲೇ ಅತ್ತಳು. ಆ ನಾಡಿಯನ್ನು ಮೊದಲೇ ಹಿಡಿದಿದ್ದರೆ ಆ ಹದಿನೈದು ನಿಮಿಷ ನನ್ನ ಬಾಳಿನಲ್ಲಿ ಇರುತ್ತಲೇ ಇರಲಿಲ್ಲ ಎಂದು ಇಂದಿಗೂ ಅನ್ನಿಸುತ್ತದೆ.

ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರ ತನಕ, ನಿಮಿಷಕ್ಕೆ ಒಂದು ಸೆಂಟಿಮೀಟರಿನಂತೆ, ಐದು ಮೀಟರಿಗೂ ಹೆಚ್ಚು ಕಾಗದ ಹೊರಬಂದಿತ್ತು. ಬಿಲ್ಲಿನಲ್ಲಿ ಸಿಟಿಜಿಗೆ ಬೇರೆಯೇ ಸಾಲು.

ಕಾಸರಗೋಡಿನಲ್ಲಿ ಸೇರಿದಾಗ ನಾನೇ ಕೇಳಿದೆ, ಬೆಲ್ಟು ಕಟ್ಟುತ್ತೀರಾ ಎಂದು. ಡಾಕ್ಟರು ನನ್ನ ಫೈಲು ನೋಡಿ, ಈಗ ಅಗತ್ಯವಿಲ್ಲ, ಹೊಟ್ಟೆಯೊಳಗಿನ ನೀರಿನ ಬಣ್ಣ ಬದಲಾದರೆ ಅಥವಾ ಬೇನೆ ಹೆಚ್ಚಿಸುವ ಡ್ರಿಪ್ ಹಾಕಬೇಕಾಗಿ ಬಂದರೆ ಕಟ್ಟುತ್ತೇವೆ ಎಂದರು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದೂ ಇದನ್ನೇ: ಆರೋಗ್ಯವಂತ ಹೆಂಗಸಿಗೆ ತಾನಾಗಿ ಬೇನೆ ಬಂದಿದ್ದರೆ ನಿರಂತರ ಸಿಟಿಜಿ ಬೇಡ, ಡಾಪ್ಲರ್ ಅಥವಾ ಪಿನಾರ್ಡ್ ಎಂಬ ತುತ್ತೂರಿಯಿಂದ ಆಗಾಗ ಕೇಳಿದರೆ ಸಾಕು. ಬೇನೆ ಜೋರಾದ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ ಹೊತ್ತಿಗೆ 5 ನಿಮಿಷಕ್ಕೊಮ್ಮೆ, ಪ್ರತಿ ಸಲ ಕನಿಷ್ಠ ಒಂದು ನಿಮಿಷ.

ಅಲ್ಲಿನ ಸಿಸ್ಟರ್ ಮಲಯಾಳದವರು, ಕನ್ನಡ ಅರ್ಧಂಬರ್ಧ. ಒಂದು ಕೈ ಹೊಟ್ಟೆಯ ಮೇಲಿಟ್ಟು ಬೇನೆ ಇಳಿಯುವುದನ್ನು ಕಾಯುತ್ತಿದ್ದರು. ಆಮೇಲೆ ಡಾಪ್ಲರ್ ಇಟ್ಟು, ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು. ನಾನು ಕೇಳದೆಯೇ! ತೋಟಕ್ಕೆ ಮದ್ದು ಬಿಡುವಾಗ ಪಂಪನ್ನು ಅವಸರದಲ್ಲಿ ಒತ್ತಿದ ಹಾಗೆ ಮಗನ ಎದೆಬಡಿತ ಕೋಣೆಯೆಲ್ಲ ಕೇಳುತ್ತಿತ್ತು. "ಪೇಡಿಕ್ಕೇಂಡ (ಹೆದರಬೇಡಿ), ಮಗು ಚೆನ್ನಾಗಿದೆ" ಎಂದು ಹೇಳಿ ಜೆಲ್ ಒರೆಸಿ ಹೋಗುತ್ತಿದ್ದರು. ನಾನು ಎದ್ದು ನಡೆಯುತ್ತಿದ್ದೆ, ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದೆ. ನಿಂತುಕೊಂಡಿದ್ದಾಗಲೇ ಎಷ್ಟೋ ಸಲ ಡಾಪ್ಲರ್ ಇಟ್ಟರು.

ಇದರಲ್ಲಿ ಕೊರತೆ ಇಲ್ಲವೆಂದಲ್ಲ. ಪಕ್ಕದಲ್ಲಿ ಇನ್ನೊಂದು ಹೆರಿಗೆ ನಡೆಯುತ್ತಿದ್ದಾಗ ಸುಮಾರು 40 ನಿಮಿಷ ಯಾರೂ ಬರಲಿಲ್ಲ. ಜೊತೆಗಿದ್ದ ಅತ್ತಿಗೆ ಹೋಗಿ ಕರೆದುಕೊಂಡು ಬಂದರು. ಡಾಪ್ಲರ್ ಆಯ್ಕೆ ಮಾಡುವವರು ಗಡಿಯಾರ ನೋಡುವ ಒಬ್ಬರನ್ನು ಹತ್ತಿರ ಇಟ್ಟುಕೊಳ್ಳಬೇಕು. ಒಬ್ಬರೇ ಸಿಸ್ಟರ್ ನಾಲ್ಕು ಹೆರಿಗೆ ನೋಡುವ ಕಡೆ ಇದು ನಡೆಯುವುದಿಲ್ಲ.

ಪಿನಾರ್ಡ್ ಎಂದರೆ 1895ರಲ್ಲಿ ಫ್ರಾನ್ಸಿನ ಡಾಕ್ಟರೊಬ್ಬರು ಮಾಡಿದ ತುತ್ತೂರಿ. ತಿಂಗಳ ತಪಾಸಣೆಯಲ್ಲಿ ಒಮ್ಮೆ ಇಟ್ಟಿದ್ದರು. ಬ್ಯಾಟರಿ ಬೇಡ, ಕೇಳುವುದು ನಿಜವಾದ ಎದೆಯ ಸದ್ದು. ಆದರೆ ಅದು ಸಿಸ್ಟರಿಗೆ ಮಾತ್ರ ಕೇಳುತ್ತದೆ, ನನಗೆ ಕೇಳದು.

ವಯರಿಲ್ಲದ ಸಿಟಿಜಿ ನಮ್ಮ ಕಡೆ ನಾನು ನೋಡಿಲ್ಲ.

ಮನೆಯಲ್ಲಿಟ್ಟುಕೊಳ್ಳುವ ಸಣ್ಣ ಡಾಪ್ಲರನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಅದು ದಂಡವಷ್ಟೇ ಅಲ್ಲ, ಅಪಾಯ. ಒಂದು ದಿನ ಮಗು ಸರಿಯಾಗಿ ಒದೆಯದಿದ್ದಾಗ ಇದರಲ್ಲಿ ಸದ್ದು ಕೇಳಿತೆಂದು ಸಂಜೆಯ ತನಕ ಸುಮ್ಮನಿದ್ದೆ. ಡಾಕ್ಟರು ಗದರಿದರು, ಗದರಬೇಕಾದದ್ದೇ. ಒದೆತ ಕಡಿಮೆಯಾದರೆ ಆಸ್ಪತ್ರೆಗೇ ಹೋಗಬೇಕು.

ಬೆಲ್ಟನ್ನು ಬಿಟ್ಟೇಬಿಡಿ ಎಂದು ನಾನು ಹೇಳುವುದಿಲ್ಲ. 37,000ಕ್ಕೂ ಹೆಚ್ಚು ಹೆಂಗಸರ ಹೆರಿಗೆಗಳನ್ನು ಒಟ್ಟು ಸೇರಿಸಿ ನೋಡಿದ ಕೋಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸುವ ಸಂಸ್ಥೆ) ವಿಮರ್ಶೆಯಲ್ಲಿ, ನಿರಂತರ ಸಿಟಿಜಿಯಿಂದ ನವಜಾತ ಶಿಶುಗಳಿಗೆ ಬರುವ ಅಪರೂಪದ ಫಿಟ್ಸ್ ಅರ್ಧಕ್ಕೆ ಇಳಿದಿತ್ತು. ಶಿಶುಮರಣ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಬರುವ ಚಲನೆಯ ಅಂಗವೈಕಲ್ಯ) ಇವುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಸಿಸೇರಿಯನ್ ಮಾತ್ರ ಹೆಚ್ಚಿತ್ತು. ಮೊದಲು ಸಿಸೇರಿಯನ್ ಆಗಿದ್ದವರಿಗೆ, ಡ್ರಿಪ್ ಹಾಕಿದವರಿಗೆ, ಬಿಪಿ, ಜ್ವರ, ರಕ್ತಸ್ರಾವ ಇದ್ದವರಿಗೆ, ನೀರು ಹಸಿರಾಗಿ ಹೋದವರಿಗೆ ಬೆಲ್ಟೇ ಬೇಕು. ನಾನು ಒಂದು ಕಡೆ ಕೂರಲಾಗದವಳು, ಬೇನೆಯನ್ನು ನಡೆದೇ ತಡೆದುಕೊಂಡವಳು, ಮೇಲಾಗಿ ದುಡ್ಡು ಎಣಿಸಿ ಖರ್ಚು ಮಾಡುವ ಮನೆಯವಳು. ನನಗೆ ಡಾಪ್ಲರ್ ಒಗ್ಗಿತು.

ತಂಗಿಗೆ ಈಗ ಎಂಟು ತಿಂಗಳು. ಕಳೆದ ಎರಡು ತಪಾಸಣೆಯಲ್ಲೂ ಅವಳ ಬಿಪಿ 140/90ರ ಮೇಲೆಯೇ ಬಂದಿದೆ, ಹಾಗಾಗಿ ಅವಳಿಗೆ ಬೆಲ್ಟು ಕಟ್ಟುವುದು ಖಂಡಿತ. ಬೇಡವೆನ್ನಬೇಡ ಎಂದಿದ್ದೇನೆ. ಎಡಮಗ್ಗುಲಲ್ಲಿ ಮಲಗಿಯೇ ಕಟ್ಟಿಸಿಕೋ, ಅಂಕಿ ಇಳಿದರೆ ಸಿಸ್ಟರನ್ನು ಕೂಡಲೇ ಕರೆದು ನಿನ್ನ ನಾಡಿಯನ್ನೂ ಹಿಡಿದು ನೋಡಲು ಹೇಳು ಎಂದೂ ಹೇಳಿದ್ದೇನೆ.